ಅಂಟು ಮತ್ತು ಹಲ್ಲು

ಹೋದ ವರ್ಷದ ಮಳೆಗಾಲದಲ್ಲಿ ನನ್ನ ಎಡದವಡೆಯ ಒಂದು ಹಲ್ಲು ಬಹಳ ಉಪದ್ರವ ಕೊಟ್ಟಿತು. ನಮ್ಮ ಊರಿನ ದಂತವೈದ್ಯರ ಬಳಿಗೆ ಹೋದೆ. ತರುಣ ವೈದ್ಯರು. ಹಲ್ಲನ್ನು ಕೊರೆದು, ತುಂಬಿ, ಕೊನೆಗೆ ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ನೋವಿಗೆ ಒಂದು ಮಾತ್ರೆ ಇತ್ತು. ಬಾಯಿ ಮುಕ್ಕಳಿಸಲು ಒಂದು ದ್ರಾವಣ ಇತ್ತು. ಮೂರನೆಯದನ್ನು ಮಾತ್ರ ಕನ್ನಡಕ ಒರೆಸಿಕೊಂಡು ಎರಡು ಬಾರಿ ಓದಿದೆ. ಊಟವಾದ ಮೇಲೆ ಇಪ್ಪತ್ತು ನಿಮಿಷ ಸಕ್ಕರೆಯಿಲ್ಲದ ಚೂಯಿಂಗ್ ಗಮ್! “ಇದು ನನಗೇ ಬರೆದದ್ದೆ?” ಎಂದು ಕೇಳಿದೆ. “ಹೌದು ಸಾರ್, ನಿಮಗೆ ಬಾಯಿ ಒಣಗುತ್ತದೆ. ಎಂಜಲು ಊರಬೇಕು” ಎಂದರು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ತರಗತಿಯಲ್ಲಿ ದವಡೆಯಾಡಿಸುವವರನ್ನು ಕಂಡರೆ ನನಗೆ ಸಹನೆಯಿರಲಿಲ್ಲ. ಪಂಪನನ್ನು ಓದುತ್ತಿರುವಾಗ ಎದುರಿಗೆ ಮೆಲುಕು ಹಾಕುತ್ತ ಕುಳಿತವರನ್ನು ಹೊರಗೆ ಕಳುಹಿಸಿದ್ದುಂಟು. ಹಾಗೆ ಎದ್ದುನಿಂತ ಒಬ್ಬ ಹುಡುಗಿ ಒಮ್ಮೆ, “ಇದು ಹಲ್ಲಿಗೆ ಒಳ್ಳೆಯದಂತೆ ಸಾರ್” ಎಂದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ, ನಕ್ಕೇ ಅವಳನ್ನು ಹೊರಗೆ ಕಳುಹಿಸಿದೆ. ಆಕೆ ಅಗಿಯುತ್ತಿದ್ದದ್ದು ಸಕ್ಕರೆಯ ಗಮ್ಮೋ ಸಕ್ಕರೆಯಿಲ್ಲದ್ದೋ ಎಂದು ಕೇಳಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಎಂಬುದು, ವೈದ್ಯರ ಚೀಟಿ ಹಿಡಿದು ಮನೆಗೆ ಬಂದು, ಈ ವಸ್ತುವಿನ ಚರಿತ್ರೆಯನ್ನು ಹುಡುಕಿಕೊಂಡು ಓದಿದ ಮೇಲೆ ನನಗೆ ತಿಳಿಯಿತು.

ಕನ್ನಡ ಅಧ್ಯಾಪಕನಿಗೆ ಹಲ್ಲಿನ ಗೊಡವೆ ಏಕೆ ಎಂದು ಕೇಳುಗರು ಕೇಳಬಹುದು. ನನಗೆ ಅದು ಕಸುಬಿನ ಮಾತು. ‘ಶಬ್ದಮಣಿದರ್ಪಣ’ದ ಪಾಠ ಹೇಳುವಾಗ ಅಕ್ಷರಗಳ ಹುಟ್ಟುವ ಸ್ಥಾನಗಳನ್ನು ಉಚ್ಚರಿಸಿ ತೋರಿಸಬೇಕಾಗುತ್ತದೆಯಷ್ಟೆ. ತ, ಥ, ದ, ಧ, ನ ಎಂಬಿವು ದಂತ್ಯಗಳು. ನಾಲಗೆಯ ತುದಿ ಮೇಲುಸಾಲಿನ ಹಲ್ಲಿಗೆ ತಾಗಿದರೆ ಮಾತ್ರ ಹುಟ್ಟುವುವು. ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದಾಗ ಮುಂಬಾಯಿಯ ಎರಡು ಹಲ್ಲುಗಳು ಹುಳುಕು ಹಿಡಿದು ಹೋದುವು. ಮರುದಿನ ಹಲಗೆಯ ಮುಂದೆ ನಿಂತು ‘ದಂತ್ಯ’ ಎನ್ನಹೋದರೆ ಗಾಳಿಯೇ ಮುಂದಾಗಿ ಬಂತು. ಮಕ್ಕಳು ತಲೆತಗ್ಗಿಸಿ ನಕ್ಕರು. ಕಟ್ಟಿಸಿದ ಹಲ್ಲು ಬರುವವರೆಗಿನ ಮೂರು ವಾರ ನಾನು ತರಗತಿಯಲ್ಲಿ ಒಂದು ಪದ್ಯವನ್ನೂ ಗಟ್ಟಿಯಾಗಿ ಓದಲಿಲ್ಲ. ಬಾಯಿಂದ ಬದುಕುವವನಿಗೆ ಅದು ಸಣ್ಣ ಶಿಕ್ಷೆಯಲ್ಲ.

ಅಂಟನ್ನು ಬಾಯಿಗೆ ಹಾಕಿಕೊಂಡು, ನುಂಗದೆ, ಸುಮ್ಮನೆ ಅಗಿಯುವ ಅಭ್ಯಾಸ ಅಮೆರಿಕದ ಸೈನಿಕರಿಂದಲೋ ಸಿನಿಮಾದಿಂದಲೋ ಬಂದದ್ದೆಂದು ನಾನು ತಿಳಿದಿದ್ದೆ. ಅದು ಆರು ಸಾವಿರ ವರ್ಷಕ್ಕೂ ಹಳೆಯದು. ಉತ್ತರ ಯೂರೋಪಿನಲ್ಲಿ ಬರ್ಚ್ ಎಂಬ ಮರವುಂಟು. ನಮ್ಮ ಪ್ರಾಚೀನರು ಹಿಮಾಲಯದಿಂದ ತರಿಸಿ ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರದ ಮರ ಇದೇ ಕುಲದ್ದು. ‘ಭೂರ್ಜ’, ‘ಬರ್ಚ್’ ಎಂಬ ಎರಡು ಮಾತುಗಳೂ ಒಂದೇ ಬೇರಿನವು. ಆ ಮರದ ತೊಗಟೆಯನ್ನು ಕಾಸಿದರೆ ಕಪ್ಪು ಅಂಟೊಂದು ಇಳಿಯುತ್ತದೆ. ಶಿಲಾಯುಗದವರು ಕಲ್ಲಿನ ಅಲಗನ್ನು ಹಿಡಿಗೆ ಕೂರಿಸಲು ಅದನ್ನು ಬಳಸುತ್ತಿದ್ದರು. ಮೆದುವಾಗಿಸಲೆಂದೋ ಹಲ್ಲುನೋವಿಗೆಂದೋ ಅಗಿಯುತ್ತಲೂ ಇದ್ದರು. ಡೆನ್ಮಾರ್ಕಿನ ಲಾಲಂಡ್ ದ್ವೀಪದಲ್ಲಿ ಹೀಗೆ ಅಗಿದು ಉಗುಳಿದ, ಸುಮಾರು 5,700 ವರ್ಷ ಹಳೆಯ ಒಂದು ಉಂಡೆ ಸಿಕ್ಕಿತು. 2019ರಲ್ಲಿ ವಿಜ್ಞಾನಿಗಳು ಆ ಉಂಡೆಯೊಂದರಿಂದಲೇ ಅದನ್ನು ಅಗಿದವಳ ವಂಶವಾಹಿಯ ಪೂರ್ಣ ಲಿಪಿಯನ್ನು ಓದಿಬಿಟ್ಟರು. ಅವಳದೊಂದು ಎಲುಬಿಲ್ಲ, ಒಂದು ಹಲ್ಲಿಲ್ಲ. ಉಳಿದದ್ದು ಎಂಜಲು ಮಾತ್ರ. ಹೆಂಗಸು, ಕಪ್ಪುಮೈ, ಕಡುಗಂದು ಕೂದಲು, ಬಹುಶಃ ನೀಲಿಗಣ್ಣು. ಆಗಷ್ಟೇ ಬಾತುಕೋಳಿಯನ್ನೂ ಹೇಜಲ್ ಎಂಬ ಕಾಡುಬೀಜವನ್ನೂ ತಿಂದಿದ್ದಳು. ಅವಳ ಬಾಯಲ್ಲಿ ವಸಡಿನ ರೋಗಕ್ಕೆ ಕಾರಣವಾಗುವ ಸೂಕ್ಷ್ಮಜೀವಿಗಳೂ ಇದ್ದುವು. ಶಾಸನವಿಲ್ಲದ, ಹೆಸರಿಲ್ಲದ ಒಬ್ಬಳ ಚರಿತ್ರೆ ಹೀಗೆ ಒಂದು ಎಂಜಲುಂಡೆಯಲ್ಲಿ ಉಳಿದದ್ದನ್ನು ಓದಿದಾಗ ನನಗೆ ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಹಲ್ಲು ಶುಚಿಯಾಗಲೆಂದೇ, ಬಾಯಿ ಸುವಾಸನೆಯಾಗಲೆಂದೇ ಅಗಿದವರು ಗ್ರೀಕರು. ಕಿಯೋಸ್ ದ್ವೀಪದ ಮಾಸ್ಟಿಕ್ ಮರದ ರಾಳ ಅವರಿಗೆ ಪ್ರಿಯವಾದದ್ದು. ಅಗಿಯುವುದಕ್ಕೆ ಇಂಗ್ಲಿಷಿನವರು ಬಳಸುವ ‘ಮ್ಯಾಸ್ಟಿಕೇಟ್’ ಎಂಬ ಪಂಡಿತರ ಮಾತಿಗೂ ಆ ರಾಳದ ಹೆಸರಿಗೂ ನಂಟುಂಟು.

ಆದರೆ ಇಂದಿನ ಚೂಯಿಂಗ್ ಗಮ್ಮಿನ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ಮಾಯಾ ಜನರ ಕಾಡುಗಳು. ಅಲ್ಲಿಯ ಒಂದು ಮರದ ತೊಗಟೆಯನ್ನು ಕಚ್ಚು ಹಾಕಿದರೆ ಬಿಳಿಯ ಹಾಲು ಸುರಿಯುತ್ತದೆ, ಕುದಿಸಿದರೆ ಗಟ್ಟಿಯಾಗುತ್ತದೆ. ಅಜ್‌ಟೆಕ್ ಜನರ ನಹುವಾಟ್ಲ್ ಭಾಷೆಯಲ್ಲಿ ಈ ಅಂಟು ‘ತ್ಸಿಕ್ತ್ಲಿ’. ಸ್ಪೇನಿನವರ ಬಾಯಲ್ಲಿ ಅದು ‘ಚಿಕ್ಲೆ’ಯಾಯಿತು. ಮರ ಯಾವುದೆಂದು ಹೇಳಿದರೆ ಕೇಳುಗರು ತಮ್ಮ ಹಿತ್ತಿಲನ್ನೊಮ್ಮೆ ನೋಡಿಕೊಳ್ಳುವಿರಿ. ಅದು ನಮ್ಮ ಸಪೋಟ. ‘ಸಪೋಟ’ ಎಂಬ ನಾವಾಡುವ ಮಾತು ಅಜ್‌ಟೆಕ್ ಜನರ ‘ತ್ಸಪೋತ್ಲ್’. ಇನ್ನೊಂದು ಹೆಸರಾದ ‘ಚಿಕ್ಕು’ ಕೂಡ ಅಲ್ಲಿಯದೇ. ‘ಚಿಕೋಸಪೋತೆ’ ಎಂಬುದರ ಮೊದಲರ್ಧ ಮೊಟಕಾಗಿ ‘ಚಿಕೋ’ ಆಗಿ, ನಮ್ಮಲ್ಲಿ ‘ಚಿಕ್ಕು’ ಆಯಿತು. ಹಣ್ಣಾಗುವ ಮೊದಲೇ ಆತುರಪಟ್ಟು ಸಪೋಟಕಾಯಿ ಕಚ್ಚಿ ತುಟಿ ಅಂಟಿಸಿಕೊಂಡ ಮಕ್ಕಳಿಗೆಲ್ಲ ಚಿಕ್ಲೆಯ ಪರಿಚಯ ಇದ್ದೇ ಇದೆ, ಹೆಸರು ತಿಳಿಯದಷ್ಟೆ.

ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೊದಲ್ಲಿದ್ದ ಸಹಾಗುನ್ ಎಂಬ ಸ್ಪೇನಿನ ಪಾದ್ರಿ ಅಜ್‌ಟೆಕ್ ಜನರ ನಡೆನುಡಿಗಳನ್ನೆಲ್ಲ ಅವರ ಬಾಯಿಂದಲೇ ಕೇಳಿ ಹನ್ನೆರಡು ಭಾಗಗಳಲ್ಲಿ ಬರೆಸಿಟ್ಟ. ಅದರಲ್ಲಿ ಅಂಟು ಅಗಿಯುವ ಶಿಷ್ಟಾಚಾರವೂ ಬರುತ್ತದೆ. ಮದುವೆಯಾಗದ ಹುಡುಗಿಯರು ಎಲ್ಲರೆದುರಿಗೆ ಅಗಿಯಬಹುದು. ಮದುವೆಯಾದವರೂ ವಿಧವೆಯರೂ ಮನೆಯೊಳಗೆ ಮಾತ್ರ. ಗಂಡಸರು ಹಲ್ಲು ಶುಚಿ ಮಾಡಿಕೊಳ್ಳಲು ಅಗಿಯುವರು, ಆದರೆ ಯಾರೂ ಕಾಣದಂತೆ. ಬೀದಿಯಲ್ಲಿ ಚಟಚಟ ಸದ್ದು ಮಾಡುತ್ತ ಅಗಿದು ಸಾಗುವವರು ಬೆಲೆವೆಣ್ಣುಗಳು. ಓದುತ್ತ ನನಗೆ ನನ್ನ ತರಗತಿಯ ಶಾಸನ ನೆನಪಾಯಿತು. ನಾನು ಅರಿಯದೆಯೇ ಅಜ್‌ಟೆಕ್ ಹಿರಿಯರ ಧರ್ಮವನ್ನು ಪಾಲಿಸಿಕೊಂಡು ಬಂದಿದ್ದೆ.

ಇನ್ನು ಅಮೆರಿಕ. ಅಲ್ಲಿಯ ಮೂಲನಿವಾಸಿಗಳಿಂದ ಕಲಿತ ಸ್ಪ್ರೂಸ್ ಮರದ ಅಂಟನ್ನು ಮೇಯ್ನ್ ಪ್ರಾಂತ್ಯದ ಜಾನ್ ಕರ್ಟಿಸ್ 1848ರಲ್ಲಿ ಮಾರಾಟಕ್ಕೆ ತಂದ. ಆದರೆ ನನ್ನ ಕುತೂಹಲವಿರುವುದು ಬೇರೊಬ್ಬನಲ್ಲಿ. 1869ರ ಡಿಸೆಂಬರ್ 28ರಂದು ಒಹಾಯೊ ಪ್ರಾಂತ್ಯದ ಮೌಂಟ್ ವರ್ನನ್ ಎಂಬ ಊರಿನ ವಿಲಿಯಂ ಸೆಂಪಲ್ ಎಂಬಾತ ಚೂಯಿಂಗ್ ಗಮ್ಮಿಗೆ ಪೇಟೆಂಟ್ ಪಡೆದ. ಆತ ವ್ಯಾಪಾರಿಯಲ್ಲ, ದಂತವೈದ್ಯ! ರಬ್ಬರನ್ನು ಕರಗಿಸಿ, ಸೀಮೆಸುಣ್ಣದ ಪುಡಿ, ಜೇಷ್ಠಮಧುವಿನ ಬೇರಿನ ಪುಡಿ ಮುಂತಾದುವನ್ನು ಬೆರೆಸಿದ್ದು ಅವನ ಗಮ್. ಅದು ಹಲ್ಲನ್ನು ಉಜ್ಜಿ ಶುಚಿಮಾಡಬೇಕು, ದವಡೆಗೆ ವ್ಯಾಯಾಮವಾಗಬೇಕು ಎಂಬುದು ಅವನ ಎಣಿಕೆ. ಅಂದರೆ ಆ ಹಕ್ಕುಪತ್ರದಲ್ಲೇ ಚೂಯಿಂಗ್ ಗಮ್ ಹಲ್ಲುಪುಡಿಯ ತಮ್ಮನಾಗಿತ್ತು. ನನ್ನ ತರಗತಿಯಿಂದ ಹೊರಗೆ ಹೋದ ಹುಡುಗಿಯ ಪರವಾಗಿ ಸಾಕ್ಷಿ ಹೇಳಬಲ್ಲ ಮನುಷ್ಯ ಅವಳಿಗಿಂತ ಒಂದು ಶತಮಾನಕ್ಕೂ ಹಿಂದೆಯೇ ಹುಟ್ಟಿಬಂದಿದ್ದ.

ಸೆಂಪಲ್ಲನ ಗಮ್ ಅಂಗಡಿಯ ಮುಖ ಕಂಡಂತಿಲ್ಲ. ಅಂಗಡಿ ಹಿಡಿದದ್ದು ನ್ಯೂಯಾರ್ಕಿನ ಥಾಮಸ್ ಆಡಮ್ಸ್. ಅವನ ಕಥೆಯಲ್ಲಿ ಒಬ್ಬ ಪದಚ್ಯುತ ಸೇನಾಪತಿ ಬರುತ್ತಾನೆ. 1836ರಲ್ಲಿ ಟೆಕ್ಸಸಿನ ಅಲಮೋ ಕೋಟೆಯನ್ನು ಮುತ್ತಿ ಗೆದ್ದ ಮೆಕ್ಸಿಕೊದ ಸಾಂತಾ ಆನಾ, ಮುಪ್ಪಿನಲ್ಲಿ ದೇಶಭ್ರಷ್ಟನಾಗಿ 1860ರ ದಶಕದಲ್ಲಿ ನ್ಯೂಯಾರ್ಕಿನ ಬಳಿಯ ಸ್ಟೇಟನ್ ದ್ವೀಪಕ್ಕೆ ಬಂದು ನೆಲೆಸಿದ್ದ. ತನ್ನ ನಾಡಿನ ಸಪೋಟದ ಅಂಟಿನಿಂದ ಅಗ್ಗದ ರಬ್ಬರು ತೆಗೆದು ಗಾಡಿಯ ಚಕ್ರಕ್ಕೆ ಪಟ್ಟೆ ಮಾಡಿದರೆ ಹಣ ಬರುತ್ತದೆ, ಆ ಹಣದಿಂದ ಮರಳಿ ಅಧಿಕಾರ ಹಿಡಿಯಬಹುದು ಎಂಬುದು ಅವನ ಆಸೆ. ಆಡಮ್ಸ್ ಎಷ್ಟು ಹೆಣಗಿದರೂ ಅಂಟು ರಬ್ಬರಾಗಲಿಲ್ಲ. ಮೂಟೆಗಟ್ಟಲೆ ಚಿಕ್ಲೆಯನ್ನು ನದಿಗೆ ಸುರಿಯಬೇಕೆಂದಿದ್ದಾಗ, ಔಷಧದ ಅಂಗಡಿಯಲ್ಲಿ ಒಂದು ಪುಟ್ಟ ಹುಡುಗಿ ಅಗಿಯುವ ಮೇಣ ಕೊಳ್ಳುವುದನ್ನು ಕಂಡು ಅವನಿಗೆ ಹೊಳೆಯಿತೆಂಬುದು ಆ ಮನೆಯವರು ಹೇಳುತ್ತಿದ್ದ ಕಥೆ. 1871ರಲ್ಲಿ ಗಮ್ ಮಾಡುವ ಯಂತ್ರಕ್ಕೆ ಅವನಿಗೆ ಪೇಟೆಂಟ್ ಸಿಕ್ಕಿತು. ಸಾಂತಾ ಆನಾ 1874ರಲ್ಲಿ ಸ್ವದೇಶಕ್ಕೆ ಮರಳಿ, ಎರಡು ವರ್ಷದ ಮೇಲೆ ಬಡತನದಲ್ಲಿ ಸತ್ತ.

ಆಡಮ್ಸನ ಮೊದಲ ಗಮ್ಮಿನಲ್ಲಿ ರುಚಿಯಿರಲಿಲ್ಲ, ಸಕ್ಕರೆಯಿರಲಿಲ್ಲ. ಹಾಗೆಯೇ ಇದ್ದಿದ್ದರೆ ಈ ಕಥೆ ಇಷ್ಟು ದೂರ ಬರುತ್ತಿರಲಿಲ್ಲವೇನೊ. ಬರಬರುತ್ತ ಸಕ್ಕರೆಯ ಪಾಕ ಸೇರಿತು, ಪುದೀನದ ಎಣ್ಣೆ ಸೇರಿತು. ಕೊನೆಗೆ ಒಂದು ಪಟ್ಟಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಕ್ಕರೆಯೇ ಆಯಿತು. 1891ರಲ್ಲಿ ಶಿಕಾಗೊಕ್ಕೆ ಬಂದ ರಿಗ್ಲಿ ಎಂಬಾತ ಸೋಪು ಮಾರಿ, ಬೇಕಿಂಗ್ ಪೌಡರ್ ಮಾರಿ, ಅದರ ಜತೆಗೆ ಪುಕ್ಕಟೆಯಾಗಿ ಕೊಟ್ಟ ಗಮ್ಮಿಗೇ ಗಿರಾಕಿ ಹೆಚ್ಚೆಂದು ಕಂಡು ಅದರ ವ್ಯಾಪಾರಕ್ಕೇ ಇಳಿದ. 1915ರಲ್ಲಿ ದೇಶದ ಟೆಲಿಫೋನ್ ಪುಸ್ತಕಗಳಲ್ಲಿ ಹೆಸರಿದ್ದವರಿಗೆಲ್ಲ ಅಂಚೆಯಲ್ಲಿ ಗಮ್ ಕಳುಹಿಸಿದ. ಹಲ್ಲಿಗೆ ಹಿತ, ಉಸಿರಿಗೆ ಹಿತ, ಜೀರ್ಣಕ್ಕೆ ಹಿತ ಎಂದು ಆ ಕಾಲದ ಜಾಹೀರಾತುಗಳು ಸಾರುತ್ತಿದ್ದುವು. 1899ರಲ್ಲಿ ಬಂದ ‘ಡೆಂಟೈನ್’ ಅಂತೂ ದಂತಶುಚಿ ಎಂಬ ಅರ್ಥದ ಇಂಗ್ಲಿಷ್ ಮಾತುಗಳನ್ನೇ ಬೆಸೆದು ಹೆಸರಿಟ್ಟುಕೊಂಡಿತು. ಒಳಗೆ ಇದ್ದದ್ದು ಸಕ್ಕರೆ. ದಂತವೈದ್ಯನ ಮಾತು ಹೊದಿಕೆಯ ಮೇಲೆ ಉಳಿದು, ಒಳಗಿನ ಪದಾರ್ಥ ಬದಲಾಗಿಹೋಗಿತ್ತು.

ಸಪೋಟದ ಕಾಡಿನಲ್ಲಿ ನಡೆದದ್ದನ್ನೂ ಒಂದು ಮಾತಿನಲ್ಲಿ ಹೇಳಬೇಕು. ‘ಚಿಕ್ಲೆರೊ’ ಎಂಬ ಕೂಲಿಗಳು ಮಳೆಗಾಲದಲ್ಲಿ ಹಗ್ಗ ಕಟ್ಟಿಕೊಂಡು ಮರವೇರಿ ಮಚ್ಚಿನಿಂದ ಓರೆಯೋರೆಯಾಗಿ ಕಚ್ಚು ಹಾಕುವರು. ಹಗ್ಗ ಕಡಿದರೆ ಕೆಳಗೆ ಬೀಳುವರು. ಒಮ್ಮೆ ಕಚ್ಚು ತಿಂದ ಮರಕ್ಕೆ ಮುಂದೆ ಹಲವು ವರ್ಷ ಬಿಡುವು ಕೊಡಬೇಕು. ಗಿರಾಕಿ ಹೆಚ್ಚಾದಾಗ ಯಾರೂ ಕೊಡಲಿಲ್ಲ, ಮರಗಳು ಸತ್ತುವು. ಚಿಕ್ಲೆ ಕಂಪನಿಯೊಂದರ ಸಸ್ಯವಿಜ್ಞಾನಿ ಲಂಡೆಲ್ 1931ರಲ್ಲಿ ಆ ಕಾಡಿನ ಮೇಲೆ ವಿಮಾನದಲ್ಲಿ ಹೋಗುವಾಗ ಮರಗಳ ನಡುವೆ ತಲೆಯೆತ್ತಿದ್ದ ಕಲ್ಲಿನ ಗೋಪುರಗಳನ್ನು ಕಂಡ. ಮಾಯಾ ಜನರ ಮಹಾನಗರ ಕಲಕ್‌ಮುಲ್ ಹೀಗೆ ಹೊರಜಗತ್ತಿಗೆ ಗೋಚರವಾಯಿತು.

ಹಲ್ಲಿನ ವಿಷಯಕ್ಕೆ ಬರೋಣ. ಕನ್ನಡದಲ್ಲಿ ‘ಹುಳುಕು’ ಎಂಬ ಮಾತಿನೊಳಗೇ ಹುಳು ಕುಳಿತಿದೆ. ಹುಳುವೊಂದು ಹಲ್ಲನ್ನು ಕೊರೆಯುತ್ತದೆಂದು ನಮ್ಮವರು ನಂಬಿದ್ದರು, ಬಾಬಿಲೋನಿನವರೂ ನಂಬಿದ್ದರು. 1890ರಲ್ಲಿ, ಬರ್ಲಿನ್ನಿನಲ್ಲಿದ್ದ ಅಮೆರಿಕನ್ ದಂತವೈದ್ಯ ಮಿಲ್ಲರ್ ನಿಜವಾದ ಹುಳುವನ್ನು ವಿವರಿಸಿದ. ಬಾಯಿಯ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ತಾವು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಇದಕ್ಕೆ ಎದುರಾಳಿ ಎಂಜಲು. ಅದರಲ್ಲಿರುವ ಕ್ಷಾರ ಆಮ್ಲವನ್ನು ತಣಿಸುತ್ತದೆ. ಸುಣ್ಣ, ರಂಜಕದ ಅಂಶಗಳು ಕರಗಿದ ಕವಚವನ್ನು ಸ್ವಲ್ಪ ಮಟ್ಟಿಗೆ ಮತ್ತೆ ಕಟ್ಟುತ್ತವೆ. ಏನನ್ನಾದರೂ ಅಗಿಯತೊಡಗಿದರೆ ಮೊದಲ ಕೆಲವು ನಿಮಿಷ ಎಂಜಲು ಸುಮಾರು ಹತ್ತು ಪಟ್ಟು ಹೆಚ್ಚಿ ಊರುತ್ತದೆ. ಎಂಜಲೆಂದರೆ ಮೈಲಿಗೆ ಎಂದು ಬೆಳೆದವರು ನಾವು. ನಮ್ಮ ಹಲ್ಲುಗಳಿಗೆ ಅದಕ್ಕಿಂತ ಹತ್ತಿರದ ಕಾವಲುಗಾರ ಇನ್ನಿಲ್ಲವೆಂದು ಅರುವತ್ತು ದಾಟಿದ ಮೇಲೆ ಕಲಿತೆ. ಅಗಿಯುವುದರಿಂದ ಹಿತ, ಅಗಿಯುವುದರಲ್ಲಿ ಸಕ್ಕರೆಯಿದ್ದರೆ ಅಹಿತ. ಎರಡೂ ಒಂದೇ ಪಟ್ಟಿಯಲ್ಲಿ ಸುತ್ತಿಕೊಂಡು ಬಂದದ್ದರಿಂದ ಬಹುಕಾಲ ಯಾರಿಗೂ ಬಿಡಿಸಲಾಗಲಿಲ್ಲ. (ತಾಂಬೂಲದ ಮಾತೇನೆಂದು ನನ್ನ ಹಿರಿಯ ಮಿತ್ರರು ಕೇಳಿಯಾರು. ಅಡಕೆಯನ್ನು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರಿಗೆ ಕಾರಣವೆಂದು ಸಾರಿತು. ಅದನ್ನು ಹೇಳಲು ನನಗೆ ಸಂತೋಷವಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಅಡಕೆಕತ್ತರಿಯಿದೆ.)

ಸಕ್ಕರೆ ಹಲ್ಲಿಗೆ ಯಾವ ಬಗೆಯಲ್ಲಿ, ಯಾವ ಹೊತ್ತಿನಲ್ಲಿ ಕೇಡು ಮಾಡುತ್ತದೆಂಬುದನ್ನು ಮನುಷ್ಯರ ಮೇಲೆ ಪರೀಕ್ಷಿಸಿ ತೋರಿಸಿದ್ದು ಸ್ವೀಡನ್ನಿನಲ್ಲಿ. ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿದೆ. ಲುಂಡ್ ನಗರದ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ ಬುದ್ಧಿ ಬೆಳೆಯದವರನ್ನು, ಕಲಿಸಲು ಬಾರದವರೆಂದು ನಿರ್ಣಯವಾದವರನ್ನು ಇಟ್ಟಿದ್ದರು. 1945ರಿಂದ ಕೆಲವು ವರ್ಷ ಅಲ್ಲಿ ಹಲ್ಲಿನ ಪ್ರಯೋಗಗಳು ನಡೆದುವು. ಮೊದಲು ಜೀವಸತ್ತ್ವಗಳು, ಅನಂತರ ಸಕ್ಕರೆ. ಕೆಲವರಿಗೆ ಊಟದ ಜತೆಗೆ ಸಕ್ಕರೆ ಬೆರೆಸಿದ ಪಾನೀಯ. ಕೆಲವರಿಗೆ ಸಿಹಿ ಬ್ರೆಡ್ಡು. ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳಲೆಂದೇ ವಿಶೇಷವಾಗಿ ತಯಾರಿಸಿದ ಟಾಫಿ, ಊಟಗಳ ನಡುವೆ, ಒಂದು ಗುಂಪಿಗೆ ದಿನಕ್ಕೆ 24. ವೆಚ್ಚದ ಒಂದು ಪಾಲನ್ನು ಕೊಟ್ಟವರು ಮಿಠಾಯಿ ಉದ್ಯಮದವರೇ. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ಏನೆಂದಾರು? ಟಾಫಿ ಕೊಟ್ಟ ಕೈಯನ್ನು ಕಂಡು ಅವರು ಸಂತೋಷಪಟ್ಟಿರಬೇಕು. ಅವರ ಹಲ್ಲುಗಳು ಹಾಳಾದುವು. ಹಾಳಾಗುವುದನ್ನು ಎಣಿಸಿ ಬರೆದುಕೊಂಡರು.

ಫಲಿತಾಂಶ ಸ್ಪಷ್ಟವಾಗಿತ್ತು. ಊಟದ ಜತೆಗೆ ತಿಂದ ಸಕ್ಕರೆಯಿಂದ ಕೇಡು ಸ್ವಲ್ಪ. ಊಟಗಳ ನಡುವೆ ಅಂಟಿಕೊಂಡು ನಿಲ್ಲುವ ಸಿಹಿಯಿಂದ ಕೇಡು ಬಹಳ. 1950ರ ದಶಕದ ಕೊನೆಗೆ ಸ್ವೀಡನ್ನಿನ ಮಕ್ಕಳಿಗೆ ವಾರದ ಸಿಹಿಯನ್ನೆಲ್ಲ ಶನಿವಾರ ಒಂದೇ ದಿನ ತಿನ್ನುವ ರೂಢಿಯನ್ನು ಕಲಿಸಿದರು. ಒಂದು ದೇಶದ ಮಕ್ಕಳ ಹಲ್ಲು ಉಳಿಯಿತು. ಇಂದು ಊಟದ ನಡುವೆ ಸಿಹಿ ತಿನ್ನಬೇಡವೆಂದು ನಮ್ಮ ಊರಿನ ವೈದ್ಯರು ನನ್ನ ಮೊಮ್ಮಗಳಿಗೆ ಹೇಳುವ ಮಾತಿನ ಹಿಂದೆ, ಮಾತನಾಡಲೂ ಬಾರದಿದ್ದ ಆ ಜನರ ಬಾಯಿಗಳಿವೆ. ವಿಜ್ಞಾನದ ಲೆಕ್ಕ ಸರಿಯಿತ್ತೆಂಬ ಕಾರಣಕ್ಕೆ ಆ ಕೆಲಸವನ್ನು ನಾನು ಒಪ್ಪಲಾರೆ. ಒಪ್ಪದಿದ್ದರೂ ಅದರ ಫಲವನ್ನು ದಿನವೂ ಉಣ್ಣುತ್ತಿದ್ದೇನೆ.

ನೆರೆಯ ಫಿನ್ಲೆಂಡಿನಲ್ಲಿ ಮುಂದಿನ ಅಧ್ಯಾಯ ಬೇರೆ ರೀತಿಯಲ್ಲಿ ನಡೆಯಿತು. ಟುರ್ಕು ನಗರದಲ್ಲಿ ಶೈನಿನ್ ಮತ್ತು ಮ್ಯಾಕಿನೆನ್ ಎಂಬ ವಿದ್ವಾಂಸರು 1972ರಲ್ಲಿ, ತಾವಾಗಿಯೇ ಒಪ್ಪಿ ಬಂದ 125 ಜನರನ್ನು ಮೂರು ಗುಂಪು ಮಾಡಿ, ಎರಡು ವರ್ಷ ಅವರ ಊಟದ ಸಿಹಿಯನ್ನು ಬದಲಾಯಿಸಿದರು. ಒಂದು ಗುಂಪಿಗೆ ಮಾಮೂಲು ಸಕ್ಕರೆ, ಒಂದಕ್ಕೆ ಹಣ್ಣಿನ ಸಕ್ಕರೆ, ಮೂರನೆಯದಕ್ಕೆ ಸೈಲಿಟಾಲ್. ಸೈಲಿಟಾಲ್ ನಾಲಗೆಗೆ ಸಿಹಿ. ಆದರೆ ಹಲ್ಲನ್ನು ಕೆಡಿಸುವ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸಲಾರವು. ಆ ಗುಂಪಿನಲ್ಲಿ ಹೊಸ ಹುಳುಕು ಬಹುಮಟ್ಟಿಗೆ ನಿಂತೇಹೋಯಿತು. ಅದೇ ಸೈಲಿಟಾಲನ್ನು ಗಮ್ಮಿಗೆ ಸೇರಿಸಿ ಒಂದು ವರ್ಷ ಅಗಿಸಿ ನೋಡಿದರು. ಅಲ್ಲಿಯೂ ಫಲ ಕಂಡಿತು. 1975ರಲ್ಲಿ ಫಿನ್ಲೆಂಡಿನಲ್ಲಿ ಸೈಲಿಟಾಲಿನ ಗಮ್ ಮಾರಾಟಕ್ಕೆ ಬಂತು. ಅವರು ಆ ಸೈಲಿಟಾಲನ್ನು ತೆಗೆದದ್ದು ಯಾವುದರಿಂದ? ಬರ್ಚ್ ಮರದಿಂದ. ಡೆನ್ಮಾರ್ಕಿನ ಆ ಹೆಂಗಸು ಅಗಿದು ಉಗುಳಿದ ಭೂರ್ಜ ಕುಲದ ಮರವೇ!

ಸಪೋಟದ ನಾಡಿಗೂ ಈ ಗಮ್ ಹೋಯಿತು. ಮಾಯಾ ಜನರ ನೆಲವಾದ ಬೆಲೀಜ್ ಎಂಬ ಪುಟ್ಟ ದೇಶದಲ್ಲಿ 1989ರಿಂದ 1993ರವರೆಗೆ, 40 ತಿಂಗಳು, ಹತ್ತು ವರ್ಷ ವಯಸ್ಸಿನ ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಬಗೆಬಗೆಯ ಗಮ್ ಕೊಟ್ಟು ನೋಡಿದರು. ಸಕ್ಕರೆಯ ಗಮ್ ಅಗಿದವರ ಹಲ್ಲು, ಏನೂ ಅಗಿಯದವರದಕ್ಕಿಂತ ತುಸು ಹೆಚ್ಚಾಗಿಯೇ ಕೆಟ್ಟಿತ್ತು. ಸೈಲಿಟಾಲಿನ ಗಮ್ ಅಗಿದವರದು ಎಲ್ಲರಿಗಿಂತ ಚೆನ್ನಾಗಿತ್ತು. ಇದರಲ್ಲಿ ಸೈಲಿಟಾಲಿನ ಪಾಲೆಷ್ಟು, ಅಗಿತದಿಂದ ಊರಿದ ಎಂಜಲಿನ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯುಂಟು. ಹಲ್ಲುಜ್ಜುವುದಕ್ಕೆ ಬದಲಾಗಿ ಇದನ್ನು ಅಗಿದರಾಯಿತೆಂದು ಮಾತ್ರ ಯಾರೂ ಹೇಳಿಲ್ಲ. 2007ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಸಕ್ಕರೆಯಿಲ್ಲದ ಕೆಲವು ಗಮ್ಮುಗಳಿಗೆ ತನ್ನ ಮುದ್ರೆ ಒತ್ತಿತು. ಮನೆಯಲ್ಲಿ ನಾಯಿಯಿರುವವರಿಗೆ ಒಂದು ಮಾತು: ಸೈಲಿಟಾಲ್ ನಾಯಿಗೆ ವಿಷ. ಪೊಟ್ಟಣವನ್ನು ಕೆಳಗಿಡಬೇಡಿ.

ಎಲ್ಲಕ್ಕಿಂತ ನನಗೆ ನಗು ತಂದದ್ದು ಸಿಂಗಪುರದ ಸರ್ಕಾರ. ಉಗುಳಿದ ಗಮ್ ರೈಲಿನ ಬಾಗಿಲಿಗೂ ಕಟ್ಟಡಗಳಿಗೂ ಮೆತ್ತಿಕೊಳ್ಳುತ್ತದೆಂದು 1992ರಲ್ಲಿ ಅದರ ಆಮದು, ಮಾರಾಟಗಳನ್ನು ನಿಷೇಧಿಸಿತು. ನನ್ನ ತರಗತಿಯನ್ನೇ ಒಂದು ದೇಶದಷ್ಟು ಹಿಗ್ಗಿಸಿದಂತೆ! 2004ರಲ್ಲಿ ಅದೇ ಸರ್ಕಾರ ಹಲ್ಲಿಗೆ ಹಿತವಾದ ಗಮ್ಮನ್ನು ಮಾತ್ರ ಔಷಧ ವ್ಯಾಪಾರಿಗಳ, ದಂತವೈದ್ಯರ ಮೂಲಕ ಮಾರಬಹುದೆಂದು ಬಾಗಿಲನ್ನು ಸ್ವಲ್ಪ ತೆರೆಯಿತು. ನಾನು ಬಾಗಿಲು ತೆರೆದದ್ದು ಇನ್ನೂ ತಡವಾಗಿ, ನಿವೃತ್ತನಾದ ಮೇಲೆ.

ಈಗ ಮಧ್ಯಾಹ್ನದ ಊಟವಾದ ಮೇಲೆ ಹಿತ್ತಿಲಿನ ಸಪೋಟ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಅಜ್‌ಟೆಕ್ ಗಂಡಸಿನಂತೆ ಯಾರೂ ಕಾಣದ ಹಾಗೆ ಇಪ್ಪತ್ತು ನಿಮಿಷ ಅಗಿಯುತ್ತೇನೆ. ಕಟ್ಟಿಸಿದ ಹಲ್ಲಿಗೆ ಅಂಟದಂತೆ ಬಲಗಡೆಗೇ ಸರಿಸಿಕೊಳ್ಳಬೇಕು. ಮೊನ್ನೆ ಮೊಮ್ಮಗಳು ಬಂದು ಪೊಟ್ಟಣವನ್ನು ಕಿತ್ತುಕೊಂಡು, “ತಾತ, ಇದನ್ನು ಈ ಮರದಿಂದಲೇ ಮಾಡುತ್ತಾರಾ?” ಎಂದು ಕೇಳಿದಳು. ಪದಾರ್ಥಗಳ ಪಟ್ಟಿಯನ್ನು ಇಬ್ಬರೂ ಕೂಡಿ ಓದಿದೆವು. ಎರಡನೆಯ ಮಹಾಯುದ್ಧದ ತರುವಾಯ ಕಂಪನಿಗಳು ಚಿಕ್ಲೆಯನ್ನು ಬಿಟ್ಟು, ಪೆಟ್ರೋಲಿಯಮ್ಮಿನಿಂದ ಬರುವ ಕೃತಕ ರಬ್ಬರು, ರಾಳಗಳಿಗೆ ತಿರುಗಿದುವು. ಪಟ್ಟಿಯಲ್ಲಿ ‘ಗಮ್ ಬೇಸ್’ ಎಂದು ಮಾತ್ರ ಇತ್ತು, ಸಪೋಟದ ಹೆಸರಿರಲಿಲ್ಲ. “ಹಾಗಾದರೆ ನೀನು ರಬ್ಬರು ತಿನ್ನುತ್ತಿದ್ದೀಯಾ?” ಎಂದಳು. “ತಿನ್ನುತ್ತಿಲ್ಲ, ಅಗಿಯುತ್ತಿದ್ದೇನೆ” ಎಂದೆ. “ನನಗೂ ಒಂದು ಕೊಡು” ಎಂದಳು. ಸಕ್ಕರೆಯಿಲ್ಲವೆಂಬುದನ್ನು ಇನ್ನೊಮ್ಮೆ ನೋಡಿ, ಕೊಟ್ಟೆ.